ಕಾಣದ ಬಿರುಕನ್ನು ಕಾಣುವ ಬಗೆ

ಮಡಕೆಯನ್ನು ಕೊಳ್ಳುವಾಗ ಗೃಹಿಣಿಯರು ಅದನ್ನು ಬೆರಳಿನಿಂದ ತಟ್ಟಿ ಸದ್ದನ್ನು ಕೇಳುವರಷ್ಟೆ. ಕಣ್ಣಿಗೆ ತೋರದ ಬಿರುಕು ಕಿವಿಗೆ ತಿಳಿಯುವುದು. ವಿದ್ಯುತ್ತನ್ನು ಒಯ್ಯುವ ಒಂದು ನವೀನ ಪದಾರ್ಥದಲ್ಲಿರುವ ಬಿರುಕನ್ನು ಬೆಳಕಿನಿಂದ ಪತ್ತೆಮಾಡುವ ಉಪಾಯವೊಂದನ್ನು ಈ ತಿಂಗಳು ವಾಚಕರಿಗೆ ಅರಿಕೆಮಾಡುವೆವು.

ಕೆಲವು ಪದಾರ್ಥಗಳು ಬಹಳ ತಣ್ಣಗಾದಾಗ ವಿದ್ಯುತ್ಪ್ರವಾಹಕ್ಕೆ ಲೇಶವೂ ತಡೆಯನ್ನೊಡ್ಡವು. ಇವಕ್ಕೆ ಅತಿವಾಹಕಗಳೆಂದು ಹೆಸರು. 1911ರಲ್ಲಿ ಹಾಲೆಂಡ್ ದೇಶದ ಲೈಡನ್ ನಗರದಲ್ಲಿ ಪಾದರಸದ ಈ ಗುಣವು ಮೊದಲು ಗೋಚರವಾದಾಗ, ಅದಕ್ಕೆ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಶೈತ್ಯವು ಬೇಕಾಗಿದ್ದಿತು. 1986ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಡ್ನೋರ್ಜ್, ಮ್ಯುಲ್ಲರ್ ಎಂಬಿಬ್ಬರು ತಾಮ್ರದ ಆಕ್ಸೈಡುಗಳಲ್ಲಿ ಹೊಸ ದಾರಿಯನ್ನು ತೆರೆದರು. ಮರುವರ್ಷವೇ ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕಗಳ ಸಂಯುಕ್ತವೊಂದು ಸೊನ್ನೆಗಿಂತ ಸುಮಾರು 180 ಡಿಗ್ರಿ ಕೆಳಗೆ ಅತಿವಾಹಕವಾಯಿತು. ಅದನ್ನು ತಣಿಸಲು ದ್ರವರೂಪದ ಸಾರಜನಕವೇ ಸಾಕು. ಇಂತಹ ಚಳಿಗೆ ‘ಉಚ್ಚತಾಪ’ವೆಂದು ಹೆಸರಿಟ್ಟ ವಿದ್ವಾಂಸರ ಔದಾರ್ಯವನ್ನು ನೆನೆದು ನಾವು ನಕ್ಕದ್ದುಂಟು.

ಅತಿವಾಹಕವು ಅಯಸ್ಕಾಂತದ ಬಲವನ್ನು ತನ್ನೊಳಕ್ಕೆ ಬಿಡಲೊಲ್ಲದು. ಅಯಸ್ಕಾಂತವೆಂದರೆ ಕಬ್ಬಿಣಕ್ಕೆ ಪ್ರಿಯವಾದುದೆಂದರ್ಥ. ಇಲ್ಲಿಯಾದರೋ ಆ ಪ್ರಿಯನಿಗೆ ಬಾಗಿಲೇ ಮುಚ್ಚಿದೆ. ಆದರೂ ಬಲವು ಹೆಚ್ಚಿದಂತೆ ಅಂಚುಗಳಿಂದ ಸೂಕ್ಷ್ಮವಾದ ಸುಳಿಗಳಾಗಿ ಒಳಕ್ಕೆ ನುಸುಳುವುದು. ನುಸುಳಿದುದನ್ನು ನೋಡುವ ಬಗೆ ಹೇಗೆ?

ಅಯಸ್ಕಾಂತದ ಬಲಕ್ಕೆ ಸಿಕ್ಕಿದ ಗಾಜಿನಲ್ಲಿ ಹಾಯುವ ಬೆಳಕಿನ ಕಂಪನದ ದಿಕ್ಕು ತಿರುಗುವುದೆಂದು 1845ರಲ್ಲಿ ಇಂಗ್ಲೆಂಡಿನ ಫ್ಯಾರಡೆ ಪಂಡಿತನು ತೋರಿಸಿದ್ದನು. ಅದೇ ಇಲ್ಲಿ ಆಧಾರ. ಅತಿವಾಹಕದ ತೆಳುಪೊರೆಯ ಮೇಲೆ ಗಾರ್ನೆಟ್ ಜಾತಿಯ ಹಾಳೆಯೊಂದನ್ನಿಟ್ಟು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಅದರ ಮೇಲೆ ಬೀಳಿಸುವರು. ಪ್ರತಿಫಲಿಸಿ ಬಂದ ಬೆಳಕನ್ನು, ಆ ಮೊದಲಿನ ದಿಕ್ಕನ್ನು ಮಾತ್ರ ತಡೆಯುವ ಗಾಜನ್ನಿಟ್ಟ ಸೂಕ್ಷ್ಮದರ್ಶಕದಲ್ಲಿ ನೋಡುವರು. ಬಲವು ಹೊಕ್ಕ ಸ್ಥಳವು ಬೆಳ್ಳಗೆ, ಹೊಗದ ಸ್ಥಳವು ಕಪ್ಪಗೆ ತೋರುವುದು.

ನಿರ್ದೋಷವಾದ ಚೌಕದ ಪೊರೆಯಲ್ಲಿ ಬಿಳುಪು ನಾಲ್ಕು ಅಂಚುಗಳ ನಡುವಿನಿಂದ ಸಮವಾಗಿ ಒಳಸರಿಯುತ್ತದೆ. ಮೂಲೆಯಿಂದ ಮೂಲೆಗೆ ಕಪ್ಪುಗೆರೆಗಳು ಉಳಿಯುತ್ತವೆ. ನೋಡಲು ಹೊಸ್ತಿಲ ರಂಗವಲ್ಲಿಯಷ್ಟೇ ಅಂದ. ಬಿರುಕಿದ್ದರೆ ಈ ಅಂದವು ಕೆಟ್ಟು, ಬಿಳಿಯ ಗೆರೆಯೊಂದು ನೆಟ್ಟಗೆ ಒಳಕ್ಕೆ ಚಾಚುವುದು. ಬಿರುಕೇ ಇರಬೇಕೆಂದಿಲ್ಲ, ಸ್ಫಟಿಕದ ಎರಡು ಕಣಗಳು ಹತ್ತಾರು ಡಿಗ್ರಿ ಓರೆಯಾಗಿ ಕೂಡಿದ ಸಂಧಿಯೂ ಹೀಗೆಯೇ ತೋರುವುದು, ಪ್ರವಾಹವನ್ನು ಬಹಳವಾಗಿ ಕುಗ್ಗಿಸುವುದು.

ಲೋಹದ ಪಟ್ಟಿಯ ಮೇಲೆ ಮಿಲಿಮೀಟರಿನ ಸಾವಿರದಲ್ಲೊಂದರಷ್ಟು ದಪ್ಪದ ಪೊರೆಯನ್ನು ಹಚ್ಚಿ, ನೂರಾರು ಮೀಟರು ಉದ್ದದ ವಾಹಕಗಳನ್ನು ಈಗ ತಯಾರಿಸುತ್ತಿರುವರು. ಒಂದೆಡೆ ದೋಷವಿದ್ದರೂ ಪ್ರವಾಹವು ಅಲ್ಲಿ ಇಕ್ಕಟ್ಟಿಗೆ ಸಿಕ್ಕಿ, ಆ ಸ್ಥಳವು ಕಾದು, ಪಟ್ಟಿಯೇ ಸುಟ್ಟುಹೋಗಬಹುದು. ಚಿತ್ರವಾದರೋ ದೋಷದ ಸ್ಥಳವನ್ನಷ್ಟೇ ತೋರಿಸುವುದು. ಅಲ್ಲಿ ಕೆಟ್ಟುದೇನೆಂದು ತಿಳಿಯಬೇಕಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂತಹ ಬೇರೆ ಉಪಕರಣಗಳನ್ನೇ ಆಶ್ರಯಿಸಬೇಕು.