ಚೋಮನ ದುಡಿ ಮತ್ತು ನಾವು



ಶಿವರಾಮ ಕಾರಂತರ 'ಚೋಮನ ದುಡಿ' (1933) ದೊಡ್ಡ ಕಾದಂಬರಿ ಅಂತ ವಿಮರ್ಶಕರು ಹೇಳ್ತಾನೇ ಬಂದಿದ್ದಾರೆ. ನಾವೂ ಓದಿದೆವು. ಸವಿಯಲಿಕ್ಕೆ ಆಗಲಿಲ್ಲ. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ಮೈಲಿಗೆಗೆ ಹೆದರಿದ ದಡದ ಜನ ನೀರಿಗೆ ಇಳಿಯುವುದಿಲ್ಲ. ವಿಮರ್ಶಕರಿಗೆ ಅದು ಕರುಣರಸ. ನಮಗೆ ಅಲ್ಲಿ ಕಂಡದ್ದು ಒಡಹುಟ್ಟಿದ ತಮ್ಮ. ಪುಸ್ತಕ ಮುಚ್ಚಿಟ್ಟೆವು.

ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂದು 1973ರಲ್ಲಿ ಬಸವಲಿಂಗಪ್ಪನವರು ಅಂದದ್ದಕ್ಕೆ ನಮ್ಮ ಹುಡುಗರು ಏಟು ತಿಂದರು. ಈ ಪುಸ್ತಕವನ್ನು ನಾವು ಬೂಸಾ ಅನ್ನೋದಿಲ್ಲ. ಆದರೆ ಚೋಮ ಕೇಳಿದ್ದು ಉಳಲು ಒಂದು ತುಂಡು ಭೂಮಿ. ಅದು ಸಿಗದೆ ದುಡಿ ಬಾರಿಸುತ್ತಲೇ ಸತ್ತ. ಆ ಸಾವನ್ನು ಚೆಂದ ಅನ್ನಲು ನಮ್ಮ ನಾಲಿಗೆ ಏಳದು.

ನೀವೂ ಓದಿ. ಓದಿ ಮುಗಿಸಿ ಕೇಳಿ: ಆ ಭೂಮಿ ಎಲ್ಲಿ?