ಮಹಶೀರ್ ಪರವಾನಗಿ: ಮೊದಲು ಹೊಳೆದಂಡೆಯವರ ಪಾಲು ಬರೆಯಿರಿ



ನಮ್ಮ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ಮುತ್ತತ್ತಿ ಭಾಗದ ಕಾವೇರಿಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುವುದು ನಿಂತು ಹತ್ತು ವರ್ಷದ ಮೇಲಾಯಿತು. ಅದನ್ನು ಮತ್ತೆ ಶುರು ಮಾಡಿ ಎನ್ನುವವರಿದ್ದಾರೆ. ಅಭಯಾರಣ್ಯದಲ್ಲಿ ಗಾಳವೇ ಬೇಡ ಎನ್ನುವವರೂ ಇದ್ದಾರೆ. ಇಬ್ಬರ ವಾದದಲ್ಲೂ ಹುರುಳಿದೆ. ಆದರೆ ತೆರೆಯುವುದಾದರೆ ಎಷ್ಟು ಪರವಾನಗಿ, ಅದರಲ್ಲಿ ಹೊರಗಿನವರಿಗೆಷ್ಟು, ಹೊಳೆದಂಡೆಯ ಊರುಗಳಿಗೆಷ್ಟು ಎಂದು ಇಬ್ಬರೂ ಕೇಳುವುದಿಲ್ಲ. ಇದು ಆಮೇಲೆ ನೋಡಿಕೊಳ್ಳುವ ವಿಷಯವಲ್ಲ ಎಂದು ಹೇಳಲು ಈ ಪತ್ರ.

ಈ ಹೊಳೆಯ ಮಹಶೀರ್ ಮೀನಿಗೆ ಬಹಳ ಹಿಂದಿನಿಂದಲೂ ದೂರದೂರದಿಂದ ಜನ ಬರುತ್ತಿದ್ದರು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ದಾಖಲೆಯೆನಿಸಿತು. 1978ರಲ್ಲಿ ಇಂಗ್ಲೆಂಡಿನಿಂದ ಬಂದ ತಂಡವೊಂದು ಕಾವೇರಿಯಲ್ಲಿ ಇನ್ನೂ ದೊಡ್ಡ ಮಹಶೀರ್ ಉಳಿದಿದೆ ಎಂದು ತೋರಿಸಿಕೊಟ್ಟ ಮೇಲೆ ವಿದೇಶಿ ಗಾಳಗಾರರ ದಾರಿ ಮತ್ತೆ ಇತ್ತ ತಿರುಗಿತು. ಭೀಮೇಶ್ವರಿಯಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಶಿಬಿರ ನಡೆಸಿತು. ಹೊಳೆಯ ಇನ್ನಷ್ಟು ಭಾಗ ಬೆಂಗಳೂರಿನ ಹವ್ಯಾಸಿಗಳ ಸಂಘವೊಂದರ ಗುತ್ತಿಗೆಯಲ್ಲಿತ್ತು. ಹಿಡಿದ ಮೀನನ್ನು ತೂಕ ಹಾಕಿ, ಫೋಟೊ ತೆಗೆದು, ಜೀವಂತವಾಗಿ ನೀರಿಗೆ ಬಿಡಬೇಕು ಎಂಬುದು ಎಲ್ಲ ಕಡೆಯ ಕಟ್ಟುನಿಟ್ಟು.

ಆ ಕಾಲದ ಕೆಲಸ ಹೇಗಿತ್ತೆಂದು ನಮ್ಮ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಬೆಳಗಿನ ಜಾವ ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಬೇಕು. ಗಾಳದ ಕೊಕ್ಕೆಗೆ ಮೆತ್ತಿದರೆ ಸೆಳವಿಗೆ ಕರಗಬಾರದು, ಮೀನು ಬಾಯಿ ಹಾಕಿದಾಗ ಕಲ್ಲಿನಂತೆಯೂ ಇರಬಾರದು. ಆ ಹದ ಊರಿನವರ ಕೈಗಷ್ಟೇ ಗೊತ್ತು. ಯಾವ ಬಂಡೆಯ ಹಿಂದೆ ಮಡುವಿದೆ, ಯಾವ ಹೊತ್ತಿಗೆ ಮೀನು ಮೇಲೇಳುತ್ತದೆ, ಕೊಕ್ಕೆ ಕಚ್ಚಿದ ಮೀನು ಬಂಡೆಗಳ ನಡುವೆ ನುಗ್ಗಿದಾಗ ತೆಪ್ಪವನ್ನು ಯಾವ ಕಡೆ ತಿರುಗಿಸಬೇಕು, ಎಲ್ಲವನ್ನೂ ಬಲ್ಲವರು ಅವರೇ. ಹಿಂದೆ ಬಲೆ ಬೀಸುತ್ತಿದ್ದವರೂ ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ ಸಂಬಳಕ್ಕೆ ಸೇರಿಕೊಂಡರು. ಅದು ಒಳ್ಳೆಯ ಕೆಲಸವೇ. ಆದರೆ ಅವರ ಪಾಲು ಕೂಲಿಗೇ ಮುಗಿಯಿತು. ಹೊಳೆಯ ಮೇಲಿನ ಹಕ್ಕು ದುಡ್ಡು ಕೊಟ್ಟು ಬಂದವರದಾಯಿತು. ಬರಬೇಡಿ ಎಂದು ನಮ್ಮ ಜನರಿಗೆ ಯಾರೂ ಬೋರ್ಡು ಹಾಕಿರಲಿಲ್ಲ, ನಿಜ. ಶಿಬಿರದ ದರವೇ ಆ ಬೋರ್ಡಿನ ಕೆಲಸ ಮಾಡಿತು.

ಆಮೇಲೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂರಕ್ಷಿತ ಪ್ರದೇಶದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವನ್ನು ಸರ್ಕಾರ ತಳೆಯಿತು. ಕಾವೇರಿ ವನ್ಯಜೀವಿಧಾಮ 1987ರಿಂದಲೇ ಘೋಷಿತವಾಗಿದ್ದ ಕಾರಣ ಇಲ್ಲಿನ ಶಿಬಿರಗಳ ಗಾಳ 2012ರ ಹೊತ್ತಿಗೆ ನಿಂತಿತು. ಮೀನು ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್ ಮತ್ತು ರಾಜೀವ್ ರಾಘವನ್ 2013ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದು, ಹಿಡಿದು ಬಿಡುವ ಗಾಳದಿಂದ ಮಹಶೀರ್ ರಕ್ಷಣೆಗೆ ಅನುಕೂಲವಾಗಿತ್ತು ಎಂದು ವಾದಿಸಿದರು. ಅವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹಗಲೂ ರಾತ್ರಿ ದಂಡೆಯಲ್ಲಿ ಸಂಬಳದ ಕಣ್ಣುಗಳಿದ್ದರೆ ಸಿಡಿಮದ್ದು ಹಾಕಿ ಮೀನು ಕೊಲ್ಲುವವನು ಹೆದರುತ್ತಾನೆ. ಒಂದು ಶಿಬಿರದ 1998ರಿಂದ 2012ರವರೆಗಿನ ಪುಸ್ತಕದಲ್ಲಿ 23,620 ಗಂಟೆಗಳ ಗಾಳ ಮತ್ತು 6,161 ಮಹಶೀರ್‌ಗಳ ಲೆಕ್ಕವಿತ್ತು. ಕಾವೇರಿಗೇ ಮೀಸಲಾದ ಡುಬ್ಬದ ಮಹಶೀರ್ ಕಡಿಮೆಯಾಗುತ್ತ, ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಹೆಚ್ಚುತ್ತ ಹೋದದ್ದು ಆ ಪುಸ್ತಕದಿಂದಲೇ ಹೊರಬಿತ್ತು. 2018ರಲ್ಲಿ ಡುಬ್ಬದ ಮಹಶೀರ್ ಅಳಿವಿನ ಅಂಚಿನ ಅತ್ಯಂತ ಗಂಭೀರ ಪಟ್ಟಿಗೆ ಸೇರಿತು.

ಗಾಳವನ್ನು ಮತ್ತೆ ತೆರೆಯಬೇಕು ಎನ್ನುವವರು ಅಮೆರಿಕದ ಮಾದರಿಯನ್ನು ಮುಂದಿಡುತ್ತಾರೆ. ಪರವಾನಗಿ ಮಾರಿ, ಬಂದ ಹಣದಲ್ಲಿ ವನ್ಯಜೀವಿ ಕಾಯಿರಿ ಎಂಬುದು ಅವರ ಮಾತು. ಆ ಮಾದರಿಯ ಇನ್ನೊಂದು ಮುಖವನ್ನು ಅವರು ಹೇಳುವುದಿಲ್ಲ. ಅಲ್ಲಿನ ಪಶ್ಚಿಮದ ರಾಜ್ಯಗಳಲ್ಲಿ ಎಲ್ಕ್ ಎಂಬ ಕಡವೆಯಂಥ ದೊಡ್ಡ ಜಿಂಕೆಯ ಬೇಟೆಗೆ ವರ್ಷಕ್ಕೆ ಇಷ್ಟೇ ಎಂದು ಪರವಾನಗಿ ಗೊತ್ತುಮಾಡಿ, ಲಾಟರಿ ಎತ್ತಿ ಹಂಚುತ್ತಾರೆ. ನ್ಯೂ ಮೆಕ್ಸಿಕೊದಲ್ಲಿ ಹೀಗೆ ಎತ್ತುವ ನೂರರಲ್ಲಿ 84 ಆ ರಾಜ್ಯದವರಿಗೇ. ವಯೋಮಿಂಗ್‌ನಲ್ಲಿ ಸೀಮಿತ ಎಲ್ಕ್ ಪರವಾನಗಿಗಳಲ್ಲಿ ಹೊರಗಿನವರಿಗೆ ಶೇ 16. ಅರಿಜೋನಾದಲ್ಲಿ ಶೇ 10ರ ಮೇಲೆ ಹೋಗುವಂತಿಲ್ಲ. ಶುಲ್ಕದಲ್ಲೂ ಅಂತರವಿದೆ. ಮೊಂಟಾನಾದಲ್ಲಿ ಊರಿನವನಿಗೆ ಎಲ್ಕ್ ಬೇಟೆಗೆ 9 ಡಾಲರ್ ಇದ್ದಾಗ, ಹೊರಗಿನವನು 225 ಡಾಲರಿನ ಒಟ್ಟು ಪರವಾನಗಿಯನ್ನೇ ಕೊಳ್ಳಬೇಕಿತ್ತು. ಇದು ಅನ್ಯಾಯವೆಂದು ಹೊರಗಿನವರು ಮೊಕದ್ದಮೆ ಹೂಡಿದರು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೊಂಟಾನಾದ ಪರ ತೀರ್ಪು ಕೊಟ್ಟಿತು. ಅಷ್ಟೇ ಅಲ್ಲ, ನ್ಯೂ ಮೆಕ್ಸಿಕೊದಲ್ಲಿ ಯಾರ ಜಮೀನಿನಲ್ಲಿ ಎಲ್ಕ್ ಮೇಯುತ್ತದೋ ಅವರಿಗೂ ಬೇಟೆಯ ಅನುಮತಿ ಪತ್ರ ಸಿಗುತ್ತದೆ. ಅದನ್ನು ಅವರು ಹೊರಗಿನವರಿಗೆ ಮಾರಿಕೊಳ್ಳಬಹುದು.

ನಾವು ಬೇಟೆಯನ್ನು ಕಾನೂನಿನಿಂದ ನಿಲ್ಲಿಸಿದ್ದೇವೆ, ಅದು ಹಾಗೇ ಇರಲಿ. ನಾನು ನೋಡುತ್ತಿರುವುದು ಹಂಚಿಕೆಯ ರೀತಿಯನ್ನು. ಅಲ್ಲಿ ಬೇಟೆ ಬಹುಪಾಲು ಹವ್ಯಾಸ. ಆದರೂ ಊರಿನವರ ಪಾಲನ್ನು ಮೊದಲು ಎತ್ತಿಟ್ಟು ಉಳಿದದ್ದನ್ನು ಹೊರಗಿನವರಿಗೆ ಕೊಡುತ್ತಾರೆ. ಇಲ್ಲಿ ಹೊಳೆ ಜನರ ಹೊಟ್ಟೆಪಾಡಾಗಿತ್ತು. ಹಲಗೂರು ಹೋಬಳಿಯ ರೈತರ ರಾಗಿ, ಜೋಳಕ್ಕೆ ಆನೆ ಮತ್ತು ಹಂದಿ ನುಗ್ಗುವುದು ಇದೇ ಕಾಡಿನಿಂದ. ಕಾಡಿನ ನಷ್ಟ ಹೊರುವವರು ಇವರು, ಹೊಳೆಯ ಸುಖ ಪರವಾನಗಿ ಕೊಂಡವರಿಗೆ. ಈ ಏರ್ಪಾಡು ಮತ್ತೆ ಬರಬಾರದು.

ಹೊರಗಿನವರಿಗೆ ಏನೂ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಬೆಂಗಳೂರಿಗೆ ಕಾವೇರಿ ನೀರು ಹೋಗುತ್ತದೆ. ಅದನ್ನು ಕುಡಿಯುವವರಿಗೂ ಈ ಹೊಳೆಯ ಮೇಲೆ ಅಕ್ಕರೆ ಇರಬೇಕು, ಬಂದು ನೋಡಬೇಕು. ಆದರೆ ಅವರ ಪಾಲು ಎರಡನೆಯದು.

ಹಿಡಿದು ಬಿಡುವ ಮೀನಿಗೆ ಹಳ್ಳಿಯವರು ಯಾಕೆ ಪರವಾನಗಿ ಕೇಳುತ್ತಾರೆ ಎಂದು ನಗರದ ಗೆಳೆಯರೊಬ್ಬರು ಕೇಳಿದರು. ಹಕ್ಕು ಕೈಯಲ್ಲಿದ್ದರೆ ಗಾಳ ಹಿಡಿಯಲೇಬೇಕೆಂದಿಲ್ಲ. ಊರಿನ ಸಂಘದ ಪಾಲಿನ ದಿನಗಳನ್ನು ಅವರೇ ಅತಿಥಿಗಳಿಗೆ ಕೊಟ್ಟು, ತಾವೇ ತೆಪ್ಪ ನಡೆಸಿ, ಹಣವನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಆಗ ಮಹಶೀರ್ ಉಳಿದರೆ ಲಾಭ ಅವರದು, ಸಿಡಿಮದ್ದು ಬಿದ್ದರೆ ನಷ್ಟವೂ ಅವರದು. ಜನರನ್ನು ಜೊತೆಗಿಟ್ಟುಕೊಂಡು ಕಾಡುಜೀವಿ ಕಾಯುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಮುಂದಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಮರದ ಆದಾಯ ಬಿಟ್ಟುಕೊಟ್ಟ ಮನೆಯವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ರೂಢಿ ಬಂತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು.

ಅರಣ್ಯ, ಮೀನುಗಾರಿಕೆ ಮತ್ತು ಪ್ರವಾಸೋದ್ಯಮ ಇಲಾಖೆಗಳಲ್ಲಿ ನನ್ನ ಕೋರಿಕೆ ಇದು. ಮೊದಲು ಡುಬ್ಬದ ಮಹಶೀರ್ ಎಷ್ಟು ಉಳಿದಿದೆ ಎಂದು ಹೊಳೆಯಲ್ಲಿ ಎಣಿಸಿ ಪ್ರಕಟಿಸಿ. ಗಾಳ ಹಾಕುವಷ್ಟು ಮೀನಿಲ್ಲವೆಂದು ಎಣಿಕೆ ಹೇಳಿದರೆ ಯಾರಿಗೂ ಗಾಳ ಬೇಡ, ಹಣವಿದ್ದವರಿಗೂ ಬೇಡ. ಕಾನೂನು ಒಪ್ಪಿ, ಗಾಳಕ್ಕೆ ಅನುಮತಿ ಕೊಡುವ ದಿನ ಬಂದರೆ, ಆದೇಶದ ಮೊದಲ ಪುಟದಲ್ಲೇ ಪರವಾನಗಿಗಳ ಒಟ್ಟು ಸಂಖ್ಯೆ, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಳವಳ್ಳಿ, ಕನಕಪುರ, ಕೊಳ್ಳೇಗಾಲ ಕಡೆಯ ಹೊಳೆದಂಡೆಯ ಊರುಗಳಿಗೆ ಎಂಬುದು ಇರಲಿ. ಹೊರಗಿನವರ ಪಾಲನ್ನು ಹರಾಜು ಹಾಕದೆ ಚೀಟಿ ಎತ್ತಿ ಕೊಡಿ. ಶುಲ್ಕ ಹೆಚ್ಚಿರಲಿ, ಅದು ಕಾವಲುಗಾರರ ಸಂಬಳಕ್ಕೆ ಹೋಗಲಿ. ಯಾರಿಗೆ ಸಿಕ್ಕಿತು, ಎಷ್ಟು ಹಣ ಬಂತು ಎಂಬ ಪಟ್ಟಿಯನ್ನು ಹಲಗೂರು ಭಾಗದ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಪ್ರತಿ ವರ್ಷ ಅಂಟಿಸಿ. ಅಭಯಾರಣ್ಯದೊಳಗೆ ಬಲೆ ಬಿಟ್ಟ ಬೆಸ್ತರ ಕುಟುಂಬಗಳಿಗೆ ತಾಲ್ಲೂಕಿನ ಕೆರೆಗಳ ಮೀನು ಗುತ್ತಿಗೆಯಲ್ಲಿ ಮೊದಲ ಆದ್ಯತೆ ಕೊಡಿ. ಅದಕ್ಕೆ ಗಾಳದ ತೀರ್ಮಾನವಾಗುವವರೆಗೆ ಕಾಯಬೇಕಿಲ್ಲ, ಬರುವ ಗುತ್ತಿಗೆಯಿಂದಲೇ ಮಾಡಬಹುದು.

ಇತಿ,
ಹಲಗೂರು ಹೋಬಳಿಯ ಓದುಗ
ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ