ಟೀವಿ ಇಟ್ಟ ಸಾವಿನ ಲೆಕ್ಕ

2025ರ ಜೂನ್ ತಿಂಗಳಿನಲ್ಲಿ ಕನ್ನಡದ ಸುದ್ದಿ ವಾಹಿನಿಗಳನ್ನು ಹಾಕಿದಾಗಲೆಲ್ಲ ಪರದೆಯ ಮೇಲೆ ಒಂದು ಅಂಕಿ ಕಾಣಿಸುತ್ತಿದ್ದುದು ನಿಮಗೆ ನೆನಪಿರಬಹುದು. ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸಂಖ್ಯೆ ಅದು. ಕ್ರಿಕೆಟ್ ಸ್ಕೋರಿನಂತೆ ದಿನಕ್ಕೊಂದು ಎರಡು ಏರುತ್ತಿತ್ತು. ಪಕ್ಕದಲ್ಲಿ ಇಸಿಜಿಯ ಗೆರೆ ಓಡುವ ಚಿತ್ರ, ಹಿಂದೆ ಡವಡವ ಎಂಬ ಸದ್ದು, ನಡುನಡುವೆ ಯಾವುದೋ ಊರಿನ ಅಂಗಡಿಯಲ್ಲಿ ಯಾರೋ ಕುಸಿದುಬೀಳುವ ಸಿಸಿ ಕ್ಯಾಮೆರಾ ದೃಶ್ಯ. ಅದೇ ದೃಶ್ಯ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಮಧ್ಯಾಹ್ನ ಊಟದ ಹೊತ್ತಿಗೆ, ರಾತ್ರಿ ಮಲಗುವ ಮುನ್ನ. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂಬ ಮಾತು ಮನೆಮನೆಯಲ್ಲೂ ಬಾಯಿಪಾಠವಾಯಿತು.

ಆ ದಿನಗಳಲ್ಲಿ ಬಸ್ತಿಹಳ್ಳಿ, ಹಳೇಬೀಡು ಕಡೆಯ ರೋಗಿಗಳು ವೈದ್ಯರ ಮುಂದೆ ಕೂತು ಹೇಳುತ್ತಿದ್ದ ಮಾತಿನ ಧಾಟಿಯೇ ಬದಲಾಗಿತ್ತು. ‘ಡಾಕ್ಟ್ರೇ, ಟೀವೀಲಿ ತೋರ್ಸಿದ್ರಲ್ಲ, ನಂಗೂ ಹಂಗೇ ಎಡಗೈ ಜೋಮು ಹಿಡೀತೈತೆ’ ಎಂದು ಬರುವ ಇಪ್ಪತ್ತೈದರ ಹುಡುಗ. ಮೂರು ದಿನದಿಂದ ನಿದ್ದೆಯಿಲ್ಲದ ತಾಯಿ, ಏಕೆಂದರೆ ಬೆಂಗಳೂರಿನಲ್ಲಿರುವ ಮಗ ರಾತ್ರಿ ಫೋನ್ ಎತ್ತಿರಲಿಲ್ಲ. ಹೊಟ್ಟೆಯುಬ್ಬರಕ್ಕೆ ಇಸಿಜಿ, ಬೆನ್ನು ಉಳುಕಿದ್ದಕ್ಕೆ ಇಸಿಜಿ. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಆ ಸಾಲನ್ನೂ ವಾಹಿನಿಗಳು ನೇರಪ್ರಸಾರ ಮಾಡಿದವು. ಅದನ್ನು ನೋಡಿ ಮರುದಿನ ಸಾಲು ಇನ್ನಷ್ಟು ಉದ್ದವಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಇದಕ್ಕೆ ವೈದ್ಯನೇ ಬೇಕಿಲ್ಲ, ಏಳನೇ ತರಗತಿಯ ಹುಡುಗನೂ ಮಾಡಬಹುದು. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17 ಲಕ್ಷ 76 ಸಾವಿರ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರು ಜನರಾದರೂ ತೀರಿಕೊಳ್ಳುತ್ತಾರೆ. ಹಾಗಾದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು, ತಿಂಗಳಿಗೆ ಸುಮಾರು 900 ಸಾವು. ಭಾರತದಲ್ಲಿ ಕಾಲುಭಾಗಕ್ಕೂ ಹೆಚ್ಚು ಸಾವುಗಳಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಕಾರಣ. ಪಾರ್ಶ್ವವಾಯು ಕೂಡ ಇದರಲ್ಲಿ ಸೇರಿದೆ. ಅಂದರೆ ಯಾವ ಗದ್ದಲವೂ ಇಲ್ಲದ ಸಾಧಾರಣ ತಿಂಗಳಿನಲ್ಲೂ ಈ ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದೇ ಗುಂಪಿನ ಕಾಯಿಲೆಗಳಿಂದ ಸಾಯುತ್ತಾರೆ. ಇದು ಸ್ಥೂಲ ಲೆಕ್ಕ. ಆದರೂ ಪರದೆಯ ಮೇಲಿದ್ದ ಇಪ್ಪತ್ತು ಚಿಲ್ಲರೆ ಅಂಕಿ ಜಿಲ್ಲೆಯಲ್ಲಿ ಆದ ಸಾವಿನ ಲೆಕ್ಕವಲ್ಲ, ವರದಿಗಾರರ ಕಿವಿಗೆ ಬಿದ್ದ ಸಾವಿನ ಲೆಕ್ಕ ಎಂಬುದು ಇದರಿಂದ ಗೊತ್ತಾಗುತ್ತದೆ. ಕಿವಿ ತೆರೆದಷ್ಟೂ ಅಂಕಿ ಏರುತ್ತದೆ. ಹಾಸನದ ಬದಲು ತುಮಕೂರಿನಲ್ಲೋ ಮಂಡ್ಯದಲ್ಲೋ ಕ್ಯಾಮೆರಾ ಇಟ್ಟಿದ್ದರೆ ಅಲ್ಲಿಯೂ ಏರುತ್ತಿತ್ತು.

ಇನ್ನು ಸಾವಿಗೆ ಕಾರಣ ಹೃದಯಾಘಾತವೇ ಎಂದು ತೀರ್ಮಾನಿಸಿದವರು ಯಾರು? 2020ರ ಅಧಿಕೃತ ಅಂಕಿಅಂಶದಂತೆ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇಕಡಾ 22.5 ಮಾತ್ರ. ವೈದ್ಯರಿಗೇ ಗೊತ್ತಾಗದ ಕಾರಣ ಹತ್ತು ನಿಮಿಷದೊಳಗೆ ‘ಬ್ರೇಕಿಂಗ್’ ಪಟ್ಟಿಗೆ ಬಂದುಬಿಡುತ್ತದೆ. ಮನೆಯವರು ಹೇಳಿದ್ದು, ಪಕ್ಕದ ಮನೆಯವರು ಹೇಳಿದ್ದು, ಅಷ್ಟೇ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಜುಲೈನಲ್ಲಿ ಬಂದ ವರದಿಯಲ್ಲಿ, ಪರಿಶೀಲಿಸಿದ 24 ಸಾವುಗಳ ಪೈಕಿ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಅವುಗಳಲ್ಲಿ ಒಂದು ರಸ್ತೆ ಅಪಘಾತ, ಇನ್ನೊಂದು ವಿದ್ಯುತ್ ಆಘಾತ! ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಹೆಚ್ಚಿಲ್ಲ ಎಂದೂ ಸಮಿತಿ ಹೇಳಿತು. ಈ ವರದಿ ಟೀವಿಯಲ್ಲಿ ಬರಲಿಲ್ಲವೇ? ಬಂತು. ಆದರೆ ಅದಕ್ಕೆ ಡವಡವ ಸದ್ದೂ ಇರಲಿಲ್ಲ, ಕೆಂಪು ಅಂಕಿಯೂ ಇರಲಿಲ್ಲ. ನನ್ನನ್ನು ಕೇಳುವವರಲ್ಲಿ ಹತ್ತಕ್ಕೆ ಎಂಟು ಜನರಿಗೆ ಜೂನಿನ ಅಂಕಿ ಗೊತ್ತು, ಜುಲೈನ ವರದಿ ಗೊತ್ತಿಲ್ಲ.

ಕೋವಿಡ್ ಲಸಿಕೆಯ ಮಾತೂ ಆಗಲೇ ಎದ್ದಿತು. ಮುಖ್ಯಮಂತ್ರಿಗಳೇ ಜುಲೈ 1ರಂದು ಆ ಸಂಶಯ ಎತ್ತಿದ್ದರಿಂದ ಚರ್ಚೆಗಳಿಗೆ ಮೂರು ದಿನದ ಮೇವು ಸಿಕ್ಕಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿಯೇ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ಅಧ್ಯಯನ ನಡೆಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡುಬಂದಿರಲಿಲ್ಲ. ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಮಿತಿಮೀರಿದ ಕುಡಿತ, ಅತಿಯಾದ ದೈಹಿಕ ಶ್ರಮ ಇಂಥವು ಕಂಡುಬಂದಿದ್ದವು. ಹಾಸನದ ಸಮಿತಿಯೂ ಲಸಿಕೆಗೆ ಸಂಬಂಧವಿಲ್ಲವೆಂದಿತು.

ವಾಹಿನಿಗಳು ಹೀಗೇಕೆ ಮಾಡುತ್ತವೆ? ಅವರೆಲ್ಲ ಕೆಟ್ಟವರೆಂದಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದಾಗ ಸಂಜೆ ಕೆಲವು ಗಂಟೆಯ ಪ್ರಸಾರ, ಅದರಲ್ಲೊಂದು ವಾರ್ತೆ. 1994ರಲ್ಲಿ ಉದಯ ಬಂದ ಮೇಲೂ ಸುದ್ದಿಗೆ ಗೊತ್ತಾದ ಹೊತ್ತಿತ್ತು. 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ, ಹೀಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಸುದ್ದಿ ಹೇಳುವ ವಾಹಿನಿಗಳು ಒಂದರ ಹಿಂದೊಂದು ಬಂದವು. ಸುದ್ದಿ ಹೆಚ್ಚಾಗಲಿಲ್ಲ, ಹೊತ್ತು ಹೆಚ್ಚಾಯಿತು. ಮೇಲೆ ಟಿಆರ್‌ಪಿ. ದೇಶದ ಐವತ್ತು ಸಾವಿರ ಚಿಲ್ಲರೆ ಮನೆಗಳ ಟೀವಿಗೆ ಮೀಟರ್ ಅಳವಡಿಸಿ, ಯಾರು ಏನು ನೋಡಿದರು ಎಂದು ಅಳೆಯುತ್ತಾರೆ. ಈ ಅಳತೆಯಲ್ಲೇ ಮೋಸದ ದೂರು ಬಂದು 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ವಾಹಿನಿಗಳ ರೇಟಿಂಗನ್ನೇ ನಿಲ್ಲಿಸಿದ್ದರು. ಜಾಹೀರಾತಿನ ಹಣ ಈ ಮೀಟರಿನ ಮೇಲೆ ನಿಂತಿರುವಾಗ, ಹೆದರಿ ಕೂತವನು ಚಾನೆಲ್ ಬದಲಾಯಿಸುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಕಡೆಯ ಕೇಬಲ್ ವಾಹಿನಿಗಳೂ ಹಿಂದೆ ಬೀಳಲಿಲ್ಲ. ಮೇಲೆ ಸಾವಿನ ಸುದ್ದಿ, ಕೆಳಗಿನ ಪಟ್ಟಿಯಲ್ಲಿ ರಿಯಾಯಿತಿ ದರದ ಹೃದಯ ತಪಾಸಣೆಯ ಜಾಹೀರಾತು. ಇದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೆದರಿಕೆ ಬರೀ ಮನಸ್ಸಿನ ಮಾತು ಎಂದು ತಳ್ಳಿಹಾಕಬೇಡಿ. ಅಮೆರಿಕದ ಬಾಸ್ಟನ್ ನಗರದಲ್ಲಿ 2013ರಲ್ಲಿ ಮ್ಯಾರಥಾನ್ ಓಟದ ವೇಳೆ ಬಾಂಬ್ ಸಿಡಿಯಿತು. ಬಳಿಕ ನಡೆದ ಅಧ್ಯಯನವೊಂದರಲ್ಲಿ, ಮುಂದಿನ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಆ ಸುದ್ದಿಯನ್ನೇ ನೋಡಿದವರಿಗೆ, ಸ್ಥಳದಲ್ಲಿದ್ದವರಿಗಿಂತ ಹೆಚ್ಚು ಮಾನಸಿಕ ಒತ್ತಡ ಕಂಡುಬಂದಿತು. ಹೆದರಿದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲೆ ಕೆಳಗೆ ಆಗುತ್ತದೆ, ಕೈ ಜೋಮು ಹಿಡಿಯುತ್ತದೆ. ಇವೆಲ್ಲ ನೋಡಲು ಹೃದಯಾಘಾತದಂತೆಯೇ ಇರುತ್ತವೆ! ನಮ್ಮೂರ ಪಾರ್ಶ್ವನಾಥ ಬಸದಿಯ ಹೊಳಪಿನ ಕಂಬಗಳಲ್ಲಿ ಪ್ರವಾಸಿಗಳು ಮುಖ ನೋಡಿಕೊಂಡು ನಗುತ್ತಾರೆ. ಒಂದೊಂದು ಕಡೆ ಒಂದೊಂದು ಆಕಾರ. ಮುಖವೇ ಹಾಗಾಗಿದೆಯೆಂದು ಯಾರೂ ಡಾಕ್ಟರ ಹತ್ತಿರ ಓಡುವುದಿಲ್ಲ. ಟೀವಿಯ ವಿಷಯದಲ್ಲಿ ಮಾತ್ರ ಓಡುತ್ತೇವೆ.

ಇಷ್ಟಾದರೂ ಓಡಿದವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಹೋಯಿತು. ನಿಜವಾದ ನಷ್ಟ ಬೇರೆ. ಆ ಗಲಾಟೆಯ ದಿನಗಳಲ್ಲೇ ನಮ್ಮ ಕಡೆಯ ಐವತ್ತು ದಾಟಿದ ರೈತರೊಬ್ಬರಿಗೆ ರಾತ್ರಿ ಹನ್ನೊಂದರ ಸುಮಾರಿಗೆ ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡಿತು. ಮನೆಯವರಿಗೆ ಹೊಳೆದದ್ದು ಟೀವಿಯಲ್ಲಿ ದಿನವೂ ಕಂಡ ಮೈಸೂರಿನ ಆಸ್ಪತ್ರೆಯೊಂದೇ. ಕಾರು ಹುಡುಕಲು ಒಂದು ಗಂಟೆ, ದಾರಿ ಮೂರು ಗಂಟೆ. ಹದಿನಾರು ಕಿಲೋಮೀಟರ್ ದೂರದ ಬೇಲೂರು ತಾಲ್ಲೂಕು ಆಸ್ಪತ್ರೆಯನ್ನೂ ನೆನೆಯಲಿಲ್ಲ, ಹಾಸನದ ದೊಡ್ಡಾಸ್ಪತ್ರೆಯನ್ನೂ ದಾಟಿಕೊಂಡೇ ಹೋದರು. ಜೀವ ಉಳಿಯಿತು, ಆದರೆ ಹೃದಯದ ಸ್ನಾಯು ಸಾಕಷ್ಟು ಸತ್ತಿತ್ತು. ಈಗ ಅವರಿಗೆ ಕೊಟ್ಟಿಗೆಯಿಂದ ಬಾವಿಯವರೆಗೆ ನಡೆದರೂ ಏದುಸಿರು.

ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷವೂ ಸ್ನಾಯು ಸಾಯುತ್ತಿರುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟಷ್ಟು ಫಲ ಆಮೇಲೆ ಕೊಡುವುದಿಲ್ಲ. ಇದಕ್ಕೆಂದೇ 2024ರಲ್ಲಿ ಸರ್ಕಾರ ಪುನೀತ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿನ ತಜ್ಞರು ನೋಡಿ ಬೇಕೆಂದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಂತರ ದೊಡ್ಡ ಆಸ್ಪತ್ರೆ. ಹಾಸನದ ಗಲಾಟೆಯ ಬಳಿಕ ಇದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ಕುಸಿದುಬೀಳುವ ದೃಶ್ಯವನ್ನು ನೂರು ಸಲ ತೋರಿಸುವ ವಾಹಿನಿ, ಅದರ ಜೊತೆಗೆ ‘ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ, 108ಕ್ಕೆ ಕರೆ ಮಾಡಿ’ ಎಂಬ ಒಂದು ಸಾಲನ್ನು ನೂರು ಸಲ ಹಾಕಿದ್ದರೆ ಎಷ್ಟೋ ಸ್ನಾಯು ಉಳಿಯುತ್ತಿತ್ತು.

ವಾಹಿನಿಗಳಿಂದ ಒಳ್ಳೆಯದೇ ಆಗಲಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಅವು ಕೂಗಿದ್ದರಿಂದಲೇ ಸಮಿತಿ ಬಂತು, ಯೋಜನೆ ವಿಸ್ತರಣೆಯ ಮಾತು ಬಂತು. ಎಷ್ಟೋ ಹೃದ್ರೋಗ ತಜ್ಞರು ಸ್ಟುಡಿಯೋದಲ್ಲಿ ಕೂತು ಸಮಾಧಾನವಾಗಿ ವಿವರಿಸಿದರು, ಆದರೆ ಅವರ ಮಾತಿನ ಮಧ್ಯೆಯೂ ಅಂಕಿ ಓಡುತ್ತಲೇ ಇತ್ತು. ಯುವಕರ ಹೃದಯಾಘಾತ ಸುಳ್ಳು ಎಂದೂ ನಾನು ಹೇಳುತ್ತಿಲ್ಲ. ನಮ್ಮ ಉಪಖಂಡದವರಿಗೆ ಮೊದಲ ಹೃದಯಾಘಾತ ಬೇರೆ ದೇಶದವರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆ ಎಂಬುದು ದೊಡ್ಡ ಅಧ್ಯಯನದಿಂದ ಗೊತ್ತಾಗಿದೆ. ಅದು ಜೂನ್ ತಿಂಗಳಿನಲ್ಲಿ ಹುಟ್ಟಿದ ಕಾಯಿಲೆಯಲ್ಲ, ಅಷ್ಟೇ.

ವೈದ್ಯರು ದೃಢಪಡಿಸುವ ಮುನ್ನ ‘ಹೃದಯಾಘಾತಕ್ಕೆ ಬಲಿ’ ಎಂದು ಹಾಕಬಾರದು. ಅಂಕಿ ತೋರಿಸುವುದಾದರೆ ಹಿಂದಿನ ವರ್ಷ ಇದೇ ತಿಂಗಳಿನ ಅಂಕಿಯನ್ನೂ ತೋರಿಸಬೇಕು. ಇಷ್ಟನ್ನು ಕೇಳುವ ಹಕ್ಕು ನೋಡುಗರಾದ ನಮಗಿದೆ. ಕೇಬಲ್ ಟೀವಿ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ ಕಾರ್ಯಕ್ರಮದ ಬಗ್ಗೆ ನೀವು ದೂರು ಕೊಟ್ಟರೆ ವಾಹಿನಿ 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಅದು ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಬರೆಯುವವರು ಇಲ್ಲದ್ದರಿಂದ ಉತ್ತರಿಸುವವರೂ ಇಲ್ಲ. ಮನೆಯಲ್ಲಿ ವಯಸ್ಸಾದವರು, ಬಿಪಿ ಇರುವವರು ಇದ್ದರೆ ಇಂಥ ದಿನಗಳಲ್ಲಿ ಸುದ್ದಿಯನ್ನು ದಿನಕ್ಕೆ ಒಂದು ಸಲ ನೋಡಿ, ಆರಿಸಿಬಿಡಿ.

ಇಸಿಜಿಗಾಗಿ ಸಾಲು ನಿಲ್ಲುವವರಿಗೂ ಒಂದು ಮಾತು. ಎದೆನೋವಿಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ನಾಳೆ ಹೃದಯಾಘಾತ ಆಗುವುದಿಲ್ಲವೆಂದು ಅರ್ಥವಲ್ಲ. ಮೂವತ್ತು ದಾಟಿದವರಿಗೆ ಅದಕ್ಕಿಂತ ಹೆಚ್ಚು ಉಪಯೋಗ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟೆರಾಲ್ ಪರೀಕ್ಷೆಯಿಂದ. ಬಿಪಿ, ಸಕ್ಕರೆ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡುವುದಕ್ಕೆ ಯಾವ ಸಾಲಿನಲ್ಲೂ ನಿಲ್ಲಬೇಕಿಲ್ಲ.

ಎದೆಯ ನಡುವೆ ಹಿಂಡಿದಂಥ, ಭಾರ ಹೇರಿದಂಥ ನೋವು ಹದಿನೈದು ನಿಮಿಷಕ್ಕೂ ಹೆಚ್ಚು ಇದ್ದರೆ, ಅದು ದವಡೆಗೋ ತೋಳಿಗೋ ಹರಡಿದರೆ, ಜೊತೆಗೆ ತಣ್ಣನೆಯ ಬೆವರು, ವಾಂತಿ, ಉಸಿರಾಟದ ಕಷ್ಟ ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವಿಲ್ಲದೆ ಬರೀ ಸುಸ್ತು, ಏದುಸಿರು ಮಾತ್ರ ಇರಬಹುದು. 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಒಗ್ಗದವರು, ಹೊಟ್ಟೆಹುಣ್ಣು, ರಕ್ತಸ್ರಾವ ಇರುವವರನ್ನು ಬಿಟ್ಟು ಉಳಿದವರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. ರೋಗಿಯನ್ನು ನಡೆಸಬೇಡಿ, ಬೈಕಿನ ಮೇಲೆ ಕೂರಿಸಬೇಡಿ. ಬಸ್ತಿಹಳ್ಳಿ, ಹಳೇಬೀಡಿನವರಿಗೆ ಬೇಲೂರು, ಜಾವಗಲ್ ಕಡೆಯವರಿಗೆ ಅರಸೀಕೆರೆ. ಮೊದಲು ಅಲ್ಲಿಗೆ ಹೋಗಿ ಇಸಿಜಿ ತೆಗೆಸಿ, ಮೈಸೂರೋ ಬೆಂಗಳೂರೋ ಅಲ್ಲಿನ ವೈದ್ಯರು ಹೇಳುತ್ತಾರೆ.